ಗುಡ್ ಫ್ರೈಡೇಗೆ ನಲವತ್ತು ಮೂಟೆ

"ನಿಮ್ಮ ಆಲೂಗಡ್ಡೆ ಕೆಟ್ಟಿದೆ. ಹೆಂಗಸು, ಇವಳಿಗೇನು ಗೊತ್ತಾಗುತ್ತೆ ಅಂತ ಕೊಟ್ಟಿದ್ದೀರಿ. ವಾಪಸ್ ತಗೊಂಡು ಹೋಗಿ."

ಫೋನಿನ ಆ ಕಡೆ ಇದ್ದದ್ದು ನಮಗೆ ಆಲೂಗಡ್ಡೆ ಬೆಳೆದು ಕೊಡುವ ಡಂಕನ್. ಟ್ರ್ಯಾಕ್ಟರ್ ನಿಂತ ಸದ್ದು ಕೇಳಿಸಿತು.

"ಮೂರು ಗಂಟೆಗೆ ಬರ್ತೀನಿ. ಅಲ್ಲಿವರೆಗೆ ಸಿಟ್ಟು ಹಾಗೇ ಇಟ್ಕೊಂಡಿರಿ."

ಇಟ್ಟುಕೊಳ್ಳಲು ನನ್ನಲ್ಲಿ ಸಿಟ್ಟೂ ಇರಲಿಲ್ಲ. ನವೆಂಬರಿನಲ್ಲಿ ನನ್ನ ಗಂಡ ಕ್ರೇಗ್ ತೀರಿಹೋದ. ಮೂವತ್ತಾರನೆಯ ವಯಸ್ಸಿಗೇ ಹೃದಯ ನಿಂತಿತು. ಅಂದಿನಿಂದ ನಾನು ಏಳುತ್ತಿದ್ದೆ, ಮೀನು ಹೆಚ್ಚುತ್ತಿದ್ದೆ, ಕರಿಯುತ್ತಿದ್ದೆ, ಮಲಗುತ್ತಿದ್ದೆ.

ಇಂಗ್ಲೆಂಡಿನ ಫೈಲಿ ಊರಿನ ಸಮುದ್ರದ ದಂಡೆಯಲ್ಲಿ, ಕರಿದ ಮೀನಿನ ಜೊತೆ ಬೆರಳುದ್ದ ಹೆಚ್ಚಿ ಕರಿದ ಆಲೂಗಡ್ಡೆ ಮಾರುವ ಮೂರು ತಲೆಮಾರಿನ ಚಿಪ್ಸ್ ಅಂಗಡಿ ನಮ್ಮದು. ಅತ್ತೆ ಮೊರೀನ್ ಕೌಂಟರಿನಲ್ಲಿ, ನಾನು ಬಾಣಲೆಯ ಮುಂದೆ. ಆಲೂಗಡ್ಡೆಯ ಕೆಲಸ ಕ್ರೇಗ್‌ನದಾಗಿತ್ತು.

ಆ ದಿನ ಚಿಪ್ಸ್ ಬೇಯುವ ಮೊದಲೇ ಕಪ್ಪಾಗುತ್ತಿದ್ದವು. ಅಂಚೆಯ ಆಲ್ಬಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ತೋರಿಸಿದ. "ಏನಮ್ಮ ಬ್ರಯನಿ, ನಿನ್ನ ಚಿಪ್ಸ್ ಸ್ಪೇನಿಗೆ ರಜೆಗೆ ಹೋಗಿದ್ವಾ? ಚೆನ್ನಾಗಿ ಬಿಸಿಲು ಕಾಯಿಸ್ಕೊಂಡು ಬಂದಿವೆ!"

ಕ್ಯೂ ಇಡೀ ನಕ್ಕಿತು. ಮೊರೀನ್ ನಗಲಿಲ್ಲ.

"ಗುಡ್ ಫ್ರೈಡೇಗೆ ಹದಿನೇಳು ದಿನ ಇದೆ," ಎಂದಳು, ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ. "ಅವತ್ತು ಊರಿಗೆ ಊರೇ ಮೀನು ತಿನ್ನೋಕೆ ಬರುತ್ತೆ. ಅವತ್ತೂ ಹೀಗಾದ್ರೆ ಅಂಗಡಿ ಮಾರಿಬಿಡ್ತೀನಿ. ನಿನ್ನ ಮೇಲೆ ಕೋಪ ಅಲ್ಲ ಚಿನ್ನ. ನನ್ನ ಮಗ ಮಾಡಿದ ಹೆಸರು ಹಾಳಾಗೋದನ್ನ ನೋಡೋಕೆ ನನ್ನ ಕೈಲಾಗಲ್ಲ."

"ಆಗಲ್ಲ," ಅಂದೆ.

"ಏನಾಗಲ್ಲ?"

"ಮಾರೋದು."

ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ.

ಡಂಕನ್ ಹಿಂಬಾಗಿಲಲ್ಲಿ ಮಣ್ಣಿನ ಬೂಟು ಕಳಚಿಟ್ಟು ಒಳಗೆ ಬಂದ. ಎತ್ತರದ ಆಳು, ಗಾಳಿಗೆ ಕೆಂಪಾದ ಕಿವಿಗಳು. ಉಳಿದ ಚಿಪ್ಸ್‌ನಲ್ಲಿ ಒಂದನ್ನು ಮುರಿದು ನೋಡಿದ, ಬಾಯಿಗೆ ಹಾಕಿಕೊಂಡ.

"ಸಿಹಿ. ನಿಮಗೆ ಗೊತ್ತಾಗಲಿಲ್ವಾ?"

"ಇಲ್ಲ."

ಅವನು ನನ್ನ ಮುಖ ನೋಡಿದ. "ಮೂಟೆ ಎಲ್ಲಿಟ್ಟಿದ್ದೀರಿ?"

ಮೀನು ಇಡುವ ತಣ್ಣನೆಯ ಕೋಣೆಯ ಬಾಗಿಲು ತೆಗೆದೆ. ನಲವತ್ತು ಮೂಟೆ, ಮೂರು ವಾರದಿಂದ, ಅಚ್ಚುಕಟ್ಟಾಗಿ. ಅವನಿಗೆ ನಗು ಬಂತು. ನನ್ನನ್ನು ನೋಡಿ ನುಂಗಿಕೊಂಡ.

"ತಾಜಾ ಇರಲಿ ಅಂತ ಇಟ್ಟೆ," ಅಂದೆ.

"ಚಳಿಗೆ ಆಲೂಗಡ್ಡೆ ಒಳಗೊಳಗೇ ಸಕ್ಕರೆಯಾಗುತ್ತೆ. ಬಾಣಲೆಯಲ್ಲಿ ಕಾದ ದನದ ಕೊಬ್ಬಿಗೆ ಬಿದ್ರೆ ಆ ಸಕ್ಕರೆ ಸುಡುತ್ತೆ, ಅಷ್ಟೆ."

"ಹಾಗಾದ್ರೆ ಕೆಟ್ಟಿಲ್ವಾ?"

"ಕೆಟ್ಟಿಲ್ಲ. ಎರಡು ವಾರ ಬೆಚ್ಚಗೆ, ಕತ್ತಲಲ್ಲಿ ಇಟ್ರೆ ಸರಿಹೋಗುತ್ತೆ. ಬೇರೆ ಕೊಡೋಣ ಅಂದ್ರೆ ಋತು ಮುಗೀತು, ನನ್ನ ಕೊಟ್ಟಿಗೆಯೂ ಖಾಲಿಯಾಗ್ತಾ ಬಂತು. ದಿನಕ್ಕೆ ಎರಡು ಮೂಟೆ ಹೇಗೋ ಹೊಂದಿಸ್ತೀನಿ. ಗುಡ್ ಫ್ರೈಡೇಗೆ ಮಾತ್ರ ಇವೇ ಗತಿ. ಬೆಚ್ಚಗಿರೋ ಜಾಗ ಇದೆಯಾ?"

"ಮಹಡಿ ಮೇಲೆ."

"ಅದು ಕ್ರೇಗ್ ರೂಮು," ಎಂದಳು ಮೊರೀನ್.

"ಹೌದು."

ನವೆಂಬರಿನಿಂದ ಹೀಟರ್ ಆರಿಸಿ ಮುಚ್ಚಿಟ್ಟ ಕೋಣೆ. ನಾನೇ ಮೊದಲು ಹತ್ತಿದೆ. ಮಂಚವನ್ನು ಗೋಡೆಗೆ ತಳ್ಳಿದೆ. ಅವನ ಶೂಗಳನ್ನು ಪೆಟ್ಟಿಗೆಗೆ ತುಂಬಿದೆ. ಪರದೆ ಎಳೆದೆ, ಹೀಟರ್ ತಿರುಗಿಸಿದೆ.

ಹತ್ತೊಂಬತ್ತು ಮೆಟ್ಟಿಲು. ಡಂಕನ್ ಹೆಗಲಿಗೆ ಒಂದೊಂದರಂತೆ ಎರಡು ಮೂಟೆ ಹೊರುತ್ತಿದ್ದ, ನಾನು ಒಂದನ್ನು ಎದೆಗವಚಿಕೊಂಡು. ನಡುಮೆಟ್ಟಿಲಲ್ಲಿ ಎದುರಾದಾಗ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಿತ್ತು. ಪ್ರತಿ ಸಲ ಅವನೇ ನಿಂತ, ಕಣ್ಣನ್ನು ಸೂರಿನ ಮೇಲಿಟ್ಟುಕೊಂಡು.

"ಬಿಡಿ, ನಾನು ತರ್ತೀನಿ."

"ನನ್ನ ಆಲೂಗಡ್ಡೆ."

"ಬೆಳಿಗ್ಗೆ ನಂದು ಅಂದ್ರಲ್ಲ? ವಾಪಸ್ ತಗೊಂಡು ಹೋಗಿ ಅಂತ?"

ನಗು ಬಂದಂತಾಗಿ ನನ್ನ ತುಟಿಯ ಒಂದು ಕೊನೆ ಮೇಲೆದ್ದಿತು. ಅವನು ಸೂರು ನೋಡುವುದನ್ನು ಬಿಟ್ಟು ಅದನ್ನೇ ನೋಡಿದ.

ಮರುದಿನದಿಂದ ದಿನವೂ ಮೂರಕ್ಕೆ ಬರತೊಡಗಿದ. ಎರಡು ಮೂಟೆ ಇಳಿಸಿ, ಮಹಡಿಯಿಂದ ಒಂದು ಗಡ್ಡೆ ತಂದು, ಹೆಚ್ಚಿ, ಕರಿದು, ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಮೊದಲ ದಿನ ಕಡುಕಂದು. ಐದನೆಯ ದಿನ ಹಾಲು ಬೆರೆಸಿದ ಚಹಾದ ಬಣ್ಣ.

"ರುಚಿ ಹೇಗಿದೆ?"

"ಚೆನ್ನಾಗಿದೆ."

"ಸುಳ್ಳು."

"ಹೌದು," ಅಂದೆ. "ನವೆಂಬರಿನಿಂದ ಬಾಯಿಗೆ ಏನೂ ಗೊತ್ತಾಗ್ತಿಲ್ಲ."

ಮಾರನೆಯ ದಿನದಿಂದ ಚಿಪ್ಸ್‌ಗೆ ಉಫ್ ಎಂದು ಊದಿ ನನ್ನ ಕೈಗೆ ಕೊಡತೊಡಗಿದ.

ಮೊರೀನ್ ಎಲ್ಲವನ್ನೂ ಕಂಡಿದ್ದಳು. "ಎರಡು ಮೂಟೆ ಇಳಿಸೋಕೆ ಒಂದು ಗಂಟೆ ಬೇಕೇನೋ, ಡಂಕನ್? ನಿಮ್ಮಪ್ಪ ಐದು ನಿಮಿಷದಲ್ಲಿ ಇಳಿಸಿ ಹೋಗ್ತಿದ್ದ."

"ನಮ್ಮಪ್ಪನಿಗೆ ಇಲ್ಲಿ ನೀವು ಸಿಗ್ತಿದ್ರಿ. ಅದಕ್ಕೇ ಓಡ್ತಿದ್ದ."

ಮೊರೀನ್ ಬೀಸಿದ ಒದ್ದೆ ಬಟ್ಟೆ ಅವನ ಕಿವಿಗೆ ಬಿತ್ತು. ನಾನು ನಕ್ಕೆ. ನವೆಂಬರಿನಿಂದ ಕೇಳದ ಆ ಸದ್ದಿಗೆ ಮೊರೀನ್ ನನ್ನ ಕಡೆ ತಿರುಗಿದಳು.

ಹದಿಮೂರನೆಯ ದಿನ ಅವನು ಬೆಳಕಿಗೆ ಹಿಡಿದ ಚಿಪ್ಸ್ ಹೊಂಬಣ್ಣಕ್ಕಿತ್ತು. ಉಪ್ಪು, ವಿನಿಗರ್ ಹಾಕಿ ಕೊಟ್ಟ. ಖುಷಿಯಲ್ಲಿ ಊದುವುದನ್ನು ಮರೆತ. ಕಚ್ಚಿದೆ. ಮೇಲೆ ಗರಿ, ಒಳಗೆ ಹಿಟ್ಟು ಹಿಟ್ಟಾದ ಬಿಸಿ, ದನದ ಕೊಬ್ಬಿನ ಘಮ. ಆಮೇಲೆ ಹುಳಿ, ಗಂಟಲಿನವರೆಗೆ.

"ವಿನಿಗರ್ ಜಾಸ್ತಿಯಾಯ್ತು," ಅಂದೆ.

ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನಾಲಿಗೆ ಸುಟ್ಟಿತು, ಅದಕ್ಕೆ."

"ಹೌದು, ನಂದೂ ಸುಟ್ಟಿತು," ಎಂದು ಅವನೂ ಕಣ್ಣೊರೆಸಿಕೊಂಡ. ಅವನಿನ್ನೂ ಒಂದನ್ನೂ ತಿಂದಿರಲಿಲ್ಲ.

ಹೋಗುವಾಗ ಬೂಟಿನ ದಾರ ಕಟ್ಟುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. "ಇನ್ನು ನಾನು ದಿನಾ ಬರಬೇಕಾಗಿಲ್ಲ. ಗಡ್ಡೆ ಸರಿಹೋಯ್ತಲ್ಲ."

ಬನ್ನಿ ಎನ್ನಬೇಕಿತ್ತು. ಎನ್ನಲಿಲ್ಲ. ಮುಂದಿನ ಮೂರು ದಿನ ಮೂರು ಗಂಟೆಯಾದರೆ ದಾರಿಯ ಪ್ರತಿ ವಾಹನದ ಸದ್ದನ್ನೂ ಎಣಿಸಿದೆ.

ಗುಡ್ ಫ್ರೈಡೇ. ಹನ್ನೊಂದಕ್ಕೆ ಬಾಗಿಲು ತೆಗೆದಾಗ ಕ್ಯೂ ದೋಣಿ ಇಳಿಸುವ ಜಾಗದವರೆಗೆ ಬೆಳೆದಿತ್ತು. ನಾನು ಬಾಣಲೆ ಬಿಟ್ಟು ಅಲುಗಲಿಲ್ಲ. ಚಿಪ್ಸ್ ಕರಿಯುವ ಜಾಲರಿ ಬುಟ್ಟಿ ಒಂದೊಂದೂ ಹೊಂಬಣ್ಣದಲ್ಲೇ ಎದ್ದು ಬಂತು. ಮಧ್ಯಾಹ್ನದ ಹೊತ್ತಿಗೆ ಮೊರೀನ್ ನನ್ನ ಬುಟ್ಟಿಯಿಂದ ಒಂದು ಚಿಪ್ಸ್ ಕದ್ದು ತಿಂದಳು.

"ಮುಂದಿನ ವರ್ಷ ಐವತ್ತು ಮೂಟೆ ಹೇಳಬೇಕು," ಎಂದಳು, ನನ್ನ ಕಡೆ ನೋಡದೆ.

ಆಗ ಕ್ಯೂನಲ್ಲಿ ಡಂಕನ್‌ನನ್ನು ಕಂಡೆ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು. ಎಲ್ಲರಂತೆ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತ, ಒಂದು ಗಂಟೆ ನಿಂತು ಕೌಂಟರಿಗೆ ಬಂದ.

"ಹಿಂದಿನ ಬಾಗಿಲಿಂದ ಬರಬಹುದಿತ್ತಲ್ಲ?" ಅಂದೆ.

"ಹಿಂದಿನ ಬಾಗಿಲಿಂದ ಬರೋನು ಆಲೂಗಡ್ಡೆಯವನು. ಇವತ್ತು ಆ ಕೆಲಸಕ್ಕೆ ಬಂದಿಲ್ಲ."

"ಮತ್ತೆ?"

"ದಿನಾ ಮೂರು ಗಂಟೆಗೆ ನಿನ್ನ ನೋಡಬೇಕು ಅನ್ನಿಸುತ್ತೆ. ಗಡ್ಡೆ ಇದ್ರೂ, ಇಲ್ಲದಿದ್ರೂ."

ಮೊದಲ ಸಲ ನೀನು ಅಂದಿದ್ದ. ಹಿಂದೆ ನಿಂತ ಆಲ್ಬಿ ಅವನ ಬೆನ್ನಿಗೆ ಗುದ್ದಿದ. "ಅವಳಿಗೂ ಗೊತ್ತು, ಊರಿಗೂ ಗೊತ್ತು. ಮೀನು ಹೇಳಯ್ಯಾ, ಹಸಿವು ನಂಗೆ!"

ಬಾಣಲೆ ಕಾಯುವುದಿಲ್ಲ. ಬುಟ್ಟಿ ಎತ್ತಿ ಕೊಬ್ಬು ಇಳಿಸಿ, ಕೊಡವಿದೆ.

"ನಾನು ಕ್ರೇಗ್‌ನ ಮರೆಯೋಳಲ್ಲ," ಅಂದೆ.

"ಮರೀಬೇಡ."

"ಇವತ್ತು ಮೂರಕ್ಕೆ ಬಿಡುವೂ ಇಲ್ಲ. ನೋಡು, ಎಷ್ಟು ಜನ."

"ಗೊತ್ತು. ನಾನು ಹೊರಗೆ ಕಾಯ್ತೀನಿ."

"ಹೊರಗೆ ನಿಂತು ಏನು ಮಾಡ್ತೀಯ?" ಮುಂದಿನ ಬುಟ್ಟಿಯನ್ನು ಬಾಣಲೆಗೆ ಇಳಿಸಿದೆ. "ಕೈ ತೊಳ್ಕೊಂಡು ಬಾ. ಚಿಪ್ಸ್ ತುಂಬಿ ಕೊಡೋಕೆ ಒಬ್ಬರು ಬೇಕು."

ಮೊರೀನ್ ಆಗಲೇ, ಅವನು ಒಳಗೆ ಬರಲೆಂದು, ಕೌಂಟರಿನ ಹಲಗೆ ಎತ್ತಿ ಹಿಡಿದಿದ್ದಳು.