ಬರೀ ಊಹೆ ಅಂದವಳು

"ನೀನಾ...?"

ಊರಸಭೆಯ ಚಪ್ಪರದಡಿ ಪಾಂಜಿ ನಿಂತೇಬಿಟ್ಟ.

ಕಿನಾಂತಿ ಚಹಾದ ಲೋಟ ಅವನ ಮುಂದಿಟ್ಟಳು.

"ಹೌದು, ನಾನೇ. ಇಲ್ಲಿ ಶಾಲೆ ಟೀಚರ್. ಕೂತ್ಕೊಳ್ಳಿ, ಮಾಸ್ ಪಾಂಜಿ." ಜಾವಾದಲ್ಲಿ ಗಂಡಸರನ್ನು ಗೌರವದಿಂದ ಕರೆಯುವ 'ಮಾಸ್' ಅವಳ ಬಾಯಲ್ಲಿ ತಣ್ಣಗಿತ್ತು.

ಕೂತ್ಕೋ. ಇವತ್ತು ನಿನ್ನ ಸರದಿ... ಎಂದುಕೊಂಡಳು.

ವರ್ಷಗಳ ಹಿಂದೆ ಯೋಗ್ಯಕರ್ತ ನಗರದ ವಿಶ್ವವಿದ್ಯಾಲಯದಲ್ಲಿ ಅವನು ಕಿರಿಯ ಅಧ್ಯಾಪಕ. ಅವಳು ಅವನ ವಿದ್ಯಾರ್ಥಿನಿ. ಅವನನ್ನು ಅವಳು ಎಷ್ಟು ಪ್ರೀತಿಸಿದ್ದಳೆಂದರೆ, ಅವನೆದುರು ಮಾತೇ ಹೊರಡುತ್ತಿರಲಿಲ್ಲ.

ಪದವಿಯ ಮೌಖಿಕ ಪರೀಕ್ಷೆಯ ದಿನ ಅಲ್ಲಿನ ವಾಡಿಕೆಯಂತೆ ಅವಳೂ ಪರೀಕ್ಷಕರಿಗೆ ಊಟ ತಂದಿದ್ದಳು. ಹಲಸಿನಕಾಯಿ ಪಲ್ಯ, ಅನ್ನದ ಪೊಟ್ಟಣಗಳು. ಬಸ್ಸಿನಲ್ಲಿ ಅವನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು ಅಪ್ಪ.

"ವಿಜ್ಞಾನದಲ್ಲಿ ಸಿದ್ಧಾಂತ ಅಂದ್ರೇನು?" ಪಾಂಜಿ ಕೇಳಿದ್ದ.

"ಅದು... ಇನ್ನೂ ಸಾಬೀತಾಗದ ಊಹೆ."

ಕೋಣೆಯಿಡೀ ನಕ್ಕಿತ್ತು. ಹಿಂದೆ ಕೂತಿದ್ದ ಅಪ್ಪನಿಗೆ ಮಗಳು ಹೇಳಿದ್ದು ಅರ್ಥವಾಗಿರಲಿಲ್ಲ. ನಗು ಅರ್ಥವಾಗಿತ್ತು. ಅವಳು ನಪಾಸಾದಳೆಂದು ಗೊತ್ತಾದ ಮೇಲೆ ಅವನು ಪೊಟ್ಟಣಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಿದ್ದ. ಮರುವರ್ಷ ಅವಳು ಬೇರೊಂದು ಕಾಲೇಜಿನಲ್ಲಿ ಪಾಸಾದಳು. ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ.

ಈಗ ಪಾಂಜಿಗೆ ಈ ಊರಿನ ನದಿದಂಡೆ ಬೇಕಿತ್ತು. ಅಗೆದು ಆದಿಮಾನವರ ಎಲುಬು ಹುಡುಕಿ, ಮನುಷ್ಯ ಹೇಗೆ ವಿಕಾಸವಾದನೆಂದು ತಿಳಿಯಲು. ಸಭೆ ಒಪ್ಪದಿದ್ದರೆ ದಂಡೆ ಇಟ್ಟಿಗೆಗೂಡಿನವರ ಪಾಲು.

"ಅವು ರಾಕ್ಷಸರ ಎಲುಬು ಅಂತ ನಮ್ಮಜ್ಜಿ ಅರೆದು ಕುಡಿಸ್ತಿದ್ಲು," ಒಬ್ಬ ಮುದುಕ ಕೂಗಿದ. "ನಿಮ್ಮ ವಿಕಾಸ ಕುಡಿದ್ರೆ ಮಂಡಿನೋವು ಹೋಗುತ್ತಾ?"

ಎಲ್ಲರೂ ನಕ್ಕರು. ಪಾಂಜಿಯೂ ನಕ್ಕ.

ಊರಿನ ಮುಖಂಡ ಕಾರ್ಸೊ ಕೈ ಎತ್ತಿದ. "ವಿಕಾಸ ಒಂದು ಸಿದ್ಧಾಂತ ಅಂತೀರಿ. ಅಂದ್ರೆ ಖಾತ್ರಿ ಇಲ್ಲ ಅಂತಲ್ವಾ? ಟೀಚರಮ್ಮ, ನೀವೇ ಹೇಳಿ. ನಿಮ್ಮ ಮಾತು ನಾವು ನಂಬ್ತೀವಿ."

ಕಿನಾಂತಿ ಎದ್ದಳು. ಎಷ್ಟು ಸುಲಭ...!

"ಹೌದು," ಎಂದಳು. "ಬರೀ ಊಹೆ."

"ಮುಗೀತಲ್ಲ! ಊಹೆಗೆಲ್ಲ ಯಾರು ದಂಡೆ ಕೊಡ್ತಾರೆ?" ಜನ ಏಳತೊಡಗಿದರು.

ಪಾಂಜಿ ಅವಳನ್ನೇ ನೋಡಿದ. ಈಗ ಹೇಳ್ತಾನೆ. ಇದೇ ಉತ್ತರಕ್ಕೆ ಇವಳು ನಪಾಸಾದವಳು ಅಂತಾನೆ. ಆ ಒಂದು ಮಾತು ಸಾಕು, ಸಭೆ ಅವನ ಕಡೆ ತಿರುಗುತ್ತದೆ.

ಅವನು ಮುಂದೆ ಹರಡಿದ್ದ ದಂಡೆಯ ನಕ್ಷೆ ಮಡಚಿದ. ಚಹಾ ಕುಡಿದು ಮುಗಿಸಿದ. ಎಲ್ಲರಿಗೂ ತಲೆಬಾಗಿ ನಮಸ್ಕರಿಸಿ ಹೊರಟ.

ಸೇಡು ತೀರಿತ್ತು. ಎದೆ ಮಾತ್ರ ಉರಿಯುತ್ತಲೇ ಇತ್ತು. ಯಾಕೆ ಸುಮ್ಮನಿದ್ದಾನೆ ಇವನು?

"ನಿಲ್ಲಿ!"

ಎಲ್ಲರೂ ತಿರುಗಿದರು.

"ನಾನು ಸುಳ್ಳು ಹೇಳಿದೆ. ದಂಡೆಯ ಕೆಳಪದರದಲ್ಲಿ ಕಡಲ ಚಿಪ್ಪು ಸಿಗುತ್ತೆ. ಅದು ಸಂಗತಿ. ಹಾಗಾದ್ರೆ ಇಲ್ಲಿ ಹಿಂದೆ ಕಡಲಿತ್ತಾ, ಅಗೆದು ಪರೀಕ್ಷಿಸೋಣ ಅಂದ್ರೆ ಅದು ಪ್ರಾಕ್ಕಲ್ಪನೆ. ತಪ್ಪಾದ್ರೆ ಬಿಸಾಕ್ತಾರೆ. ಸಿದ್ಧಾಂತ ಅದಕ್ಕಿಂತ ದೊಡ್ಡದು. ಸಾವಿರಾರು ಸಂಗತಿಗಳನ್ನ ಒಟ್ಟಿಗೆ ವಿವರಿಸಿ, ಬೀಳಿಸೋಕೆ ಎಷ್ಟು ಜನ ನೋಡಿದ್ರೂ ಬೀಳದೆ ನಿಂತಿರೋದು. ವಿಕಾಸ ಅಂಥದ್ದು."

"ಮತ್ತೆ ಆಗ ಯಾಕಮ್ಮ ಹಾಗಂದ್ರಿ?" ಕಾರ್ಸೊನ ಮುಖ ಬಿಗಿದಿತ್ತು.

"ಇವರ ಮೇಲಿನ ಹಗೆಗೆ. ನಾನು ಇದೇ ತಪ್ಪು ಹೇಳಿ ಇವರ ಮುಂದೆ ನಪಾಸಾಗಿದ್ದೆ."

"ನಮ್ಮ ಮಕ್ಕಳಿಗೆ ಪಾಠ ಹೇಳೋಳು ಇವಳಾ?" ಯಾರೋ ಗೊಣಗಿದರು. ಅವಳು ತಲೆ ತಗ್ಗಿಸಲಿಲ್ಲ.

ಸಭೆ ಬಹಳ ಹೊತ್ತು ಜಗಳವಾಡಿ, ಒಂದು ಬೇಸಿಗೆಯ ಮಟ್ಟಿಗೆ ಅಗೆತಕ್ಕೆ ಒಪ್ಪಿತು.

ನದಿಯ ದಾರಿಯಲ್ಲಿ ಅವಳೇ ಅವನನ್ನು ಹಿಡಿದು ನಿಲ್ಲಿಸಿದಳು.

"ಯಾಕೆ ಸುಮ್ನಿದ್ರಿ? ಒಂದು ಮಾತಲ್ಲಿ ಗೆದ್ದುಬಿಡ್ತಿದ್ರಿ."

"ಒಂದ್ಸಲ ನಿನ್ನನ್ನ ಎಲ್ಲರ ಮುಂದೆ ಸೋಲಿಸಿದ್ದೇ ಸಾಕಾಗಿತ್ತು." ಅವನ ದನಿ ಇಳಿಯಿತು. "ಆವತ್ತು ನೀನು ಗಡಗಡ ನಡುಗ್ತಿದ್ದೆ. ಧೈರ್ಯ ಬರ್ಲಿ ಅಂತ ಎಲ್ಲಕ್ಕಿಂತ ಸುಲಭದ ಪ್ರಶ್ನೆ ಕೇಳಿದೆ ಕಿನಾಂತಿ..."

ಸುಲಭದ ಪ್ರಶ್ನೆ! ಇಷ್ಟು ವರ್ಷ ತಾನು ಹಗೆ ಸಾಕಿದ್ದು ಒಂದು ಕರುಣೆಯ ಮೇಲೆ...

"ಹಾಗಿದ್ರೆ ಹುಡುಕ್ಕೊಂಡು ಬರ್ಬೇಕಿತ್ತು!" ಅವಳು ಕಿರುಚಿದಳು.

"ಬಂದಿದ್ದೆ. ನಿಮ್ಮಪ್ಪ ಬಾಗಿಲು ತೆಗೀಲಿಲ್ಲ."

ಅವಳ ಕಣ್ಣು ತುಂಬಿತು.

"ನನ್ನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಮಾಸ್."

"ಇರ್ಲಿ. ಸಿಟ್ಟಿರೋಳನ್ನೇ ಪ್ರೀತಿಸ್ತೀನಿ. ಆಗಲೂ, ಈಗಲೂ."

"ಅಪ್ಪನಿಗೆ ಹೇಳಿ ನೋಡಿ, ಆಮೇಲೆ ಗೊತ್ತಾಗುತ್ತೆ! ಚೆನ್ನಾಗಿ ಬೈತಾರೆ."

"ಬೈಲಿ. ಈ ಸಲ ಬಾಗಿಲಾದ್ರೂ ತೆಗೀತಾರಾ?"

ಕಿನಾಂತಿ ಕಣ್ಣೊರೆಸಿಕೊಂಡಳು.

"ನಾನು ತೆಗೀತೀನಿ. ಬನ್ನಿ."