ಹನ್ನೆರಡು ಜನರ ಗೆರೆಗಳು

ಬಸವಕಿರಣನನ್ನು ಕೆಡಿಸಿದ್ದು ಅವನು ಬರೆದ ಒಂದು ಪ್ರಾಮಾಣಿಕ ಚಿತ್ರ. ಜನರ ಡಿಎನ್‌ಎಯನ್ನು ಚಿತ್ರವಾಗಿ ಬರೆದುಕೊಡುವುದು ಅವನ ಕಸುಬು. ಬಸವೇಶ್ವರನಗರದ ಹಾರ್ಡ್‌ವೇರ್ ಅಂಗಡಿಯ ಶಿವಬಸಪ್ಪನವರ ಎಂಜಲನ್ನು ಪುಟ್ಟ ಕೊಳವೆಯಲ್ಲಿ ಪಡೆದು, ಲ್ಯಾಬಿಗೆ ಕಳಿಸಿ, ಅಲ್ಲಿಂದ ಬಂದ ಡಿಎನ್‌ಎ ಗೆರೆಗಳನ್ನು ಒಂದೂ ತಪ್ಪದಂತೆ ಕ್ಯಾನ್ವಾಸಿಗೆ ಇಳಿಸಲು ಅವನಿಗೆ ಎರಡು ತಿಂಗಳು ಹಿಡಿದಿತ್ತು. ಶಿವಬಸಪ್ಪನವರು ಕನ್ನಡಕ ಏರಿಸಿ ನೋಡಿದರು.

"ಬಿಸ್ಕತ್ ಪ್ಯಾಕೆಟ್ ಹಿಂದೆ ಕರೀ ಗೆರೆ ಇರ್ತದಲ್ಲ, ಹಂಗೈತೆ ಸಾರ್. ನಮ್ ಹಾಲ್‌ಗೆ ಒಪ್ಪೋ ಹಂಗೆ ಸ್ವಲ್ಪ ಹಸಿರು ಹಾಕ್ಕೊಡಿ."

ಹಾಕಿಕೊಟ್ಟ. ಕೈಗೆ ತೋಚಿದಲ್ಲೆಲ್ಲ ಎಳೆದ. ತಮಾಷೆಯೆಂದರೆ, ಪತ್ರಿಕೆಯವರು ಹೊಗಳಿದ್ದು ಆ ಹಸಿರನ್ನೇ. ಅದನ್ನು ನೋಡಿಯೇ ರಾಜರಾಜೇಶ್ವರಿನಗರದ ಹೊಸ ಸಂಶೋಧನಾ ಕೇಂದ್ರದ ಡಾಕ್ಟರ್ ಬಿಂದುಶ್ರೀ ಅವನನ್ನು ಕರೆಸಿದರು. ರಕ್ತದ ಕಾಯಿಲೆಯೊಂದರ ಅಧ್ಯಯನಕ್ಕೆ ಹನ್ನೆರಡು ಜನ ತಮ್ಮನ್ನು ಒಪ್ಪಿಸಿಕೊಂಡಿದ್ದರು. ಅವರ ಡಿಎನ್‌ಎ ಚಿತ್ರಗಳು ಕೇಂದ್ರದ ಹಜಾರದಲ್ಲಿ ತೂಗಬೇಕು. ಚೆನ್ನಾಗಿ ಬಂದರೆ ಮೈಸೂರು ರಸ್ತೆಗೆ ಕಾಣುವ ಆರು ಮಹಡಿಯ ಗೋಡೆಯೂ ಅವನದೇ. ಹೆಸರುಗಳು ಗುಟ್ಟು, ಅಧ್ಯಯನದ ದಾಖಲೆಯನ್ನು ಹೊರಗೆ ಕೊಡುವಂತಿಲ್ಲ. ಹಾಗಾಗಿ ಎಂಜಲು ತುಂಬಿದ ಹನ್ನೆರಡು ಕೊಳವೆಗಳಿಗೆ ಬರೀ ನಂಬರು ಅಂಟಿಸಿ, ನೀವು ಬಳಸುವ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕೊಟ್ಟರು.

"ಪಾಪ, ಎಷ್ಟು ಸಲ ಸೂಜಿ ಚುಚ್ಚಿಸ್ಕೊಂಡಿದಾರೆ ಕಿರಣ್. ಅವರದ್ದೇ ಅಂತ ಏನಾದ್ರೂ ಕೊಡ್ಬೇಕು. ನಿಜವಾದ್ದು."

ವಿಜಯನಗರದ ತನ್ನ ಮಹಡಿ ಮನೆಯಲ್ಲಿ, ಕಿಟಕಿಯಾಚೆ ಮೆಟ್ರೋ ಹಾದುಹೋಗುತ್ತಿರುವಾಗ, ಬಸವಕಿರಣ ಹನ್ನೆರಡೂ ಕೊಳವೆಗಳನ್ನು ಒಂದೊಂದಾಗಿ ಸಿಂಕಿಗೆ ಬಗ್ಗಿಸಿ ನಲ್ಲಿ ತಿರುಗಿಸಿದ. ಎಂಟನೆಯದಕ್ಕೆ ಬರುವಷ್ಟರಲ್ಲಿ ಶಿಳ್ಳೆ ಹಾಕುತ್ತಿದ್ದ. ಗೆರೆ ಎಲ್ಲಿರಬೇಕೆಂದು ಇನ್ನು ಯಾವ ಲ್ಯಾಬೂ ಅವನಿಗೆ ಹೇಳುವಂತಿರಲಿಲ್ಲ. ಶಾಲೆಗೆ ಚಕ್ಕರ್ ಹೊಡೆದ ದಿನದ ಹಗುರತನ ಮೈಯೆಲ್ಲ ಹರಿದಾಡಿತು.

ಹಾಗೆಂದು ಅವನು ಮೈಮರೆಯಲಿಲ್ಲ. ಶಿವಬಸಪ್ಪನವರ ಹಳೆಯ ವರದಿಯನ್ನು ಅಚ್ಚಾಗಿಟ್ಟುಕೊಂಡು ಯಾರಾದರೂ ಕೇಳಿದರೆ ತೋರಿಸಲೆಂದು ಹನ್ನೆರಡು ಸುಳ್ಳು ವರದಿ ತಯಾರಿಸಿದ. ತಾರೀಖುಗಳು ಭಾನುವಾರಕ್ಕೆ ಬೀಳದಂತೆ ನೋಡಿಕೊಂಡ. ಲ್ಯಾಬಿನವರ ಸಹಿಯನ್ನು ಹನ್ನೆರಡು ಸಲವೂ ಕೊಂಚ ಬೇರೆಯಾಗಿ ಹಾಕಿದ, ಮನುಷ್ಯರು ಹಾಕುವಂತೆ. ಒಂದು ವರದಿಯಲ್ಲಿ 'ಮಾದರಿ ಸಾಲದೆ ಮರುಪರೀಕ್ಷೆ' ಎಂದೂ ಸೇರಿಸಿದ. ಆ ಸಾಲು ಅವನಿಗೆ ಎಷ್ಟು ಹಿಡಿಸಿತೆಂದರೆ, ಎದ್ದು ಕೋಣೆಯಲ್ಲಿ ಒಂದು ಸುತ್ತು ಕುಣಿದ. ಪರೀಕ್ಷೆಯಾದ ಮೇಲೆ ಮಾದರಿಗಳನ್ನು ನಾಶ ಮಾಡುವುದಾಗಿ ಮೊದಲೇ ಬರೆದುಕೊಟ್ಟಿದ್ದ. ಜನರ ಖಾಸಗಿತನದ ಬಗ್ಗೆ ಅವನಿಗಿದ್ದ ಕಾಳಜಿಯನ್ನು ಡಾಕ್ಟರ್ ಮೆಚ್ಚಿದ್ದರು ಕೂಡ.

ಆಮೇಲೆ ಚಿತ್ರ ಬರೆದ. ಬದುಕಿನಲ್ಲಿ ಎಂದೂ ಹಾಗೆ ಬರೆದಿರಲಿಲ್ಲ. ನೇರಳೆಯ ಪಕ್ಕ ಅರಿಶಿನ, ಅದರ ಮೇಲೆ ಜಿಗಿಯುವ ಕೆಂಪು. ಕೊನೆಗೆ ಹನ್ನೆರಡನ್ನೂ ಗೋಡೆಗೆ ಒರಗಿಸಿ ದೂರ ನಿಂತು ನೋಡಿದ. ಪ್ರತಿಯೊಬ್ಬ ಮನುಷ್ಯನೂ ಬೇರೆ, ಆದ್ದರಿಂದ ಯಾವ ಎರಡು ಚಿತ್ರವೂ ಹೋಲಬಾರದು. ಎಲ್ಲಿ ಕೊಂಚ ಹೋಲಿಕೆ ಕಂಡಿತೋ ಅಲ್ಲಿ ಬಣ್ಣ ಬದಲಿಸಿದ. ಪಾಪ, ವಿಜ್ಞಾನಕ್ಕೆ ಅಷ್ಟಾದರೂ ಮರ್ಯಾದೆ ಕೊಡಬೇಕಲ್ಲ.

ಉದ್ಘಾಟನೆಯ ಬೆಳಿಗ್ಗೆ ಹಜಾರ ಕಾಫಿಯ ಘಮದಿಂದ ತುಂಬಿತ್ತು. ಹಿಂದಿನ ರಾತ್ರಿ ಬಸವಕಿರಣನೇ ತೂಗುಹಾಕಿ ಮುಚ್ಚಿಟ್ಟಿದ್ದ ಚಿತ್ರಗಳ ಪರದೆ ಆಗತಾನೇ ಸರಿದಿತ್ತು. ಹನ್ನೆರಡು ಜನರೂ ಮನೆಯವರೊಡನೆ ಬಂದು, ತಂತಮ್ಮ ನಂಬರು ಹುಡುಕಿಕೊಂಡು ಚಿತ್ರದ ಮುಂದೆ ನಿಂತರು. ಬಾಪೂಜಿ ನಗರದ ಯಶೋದಮ್ಮ ಎಂಬುವರು ನಾಲ್ಕನೆಯ ಚಿತ್ರವನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣೊರೆಸಿಕೊಂಡು ಅವನಿಗೆ ಕೈಮುಗಿದರು. ಬಸವಕಿರಣನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ಲ್ಯಾಬಿನ ನಿಜ ಗೆರೆಗಳಿಗೆ ಯಾರು ಅತ್ತಿದ್ದರು? ಆರು ಮಹಡಿಯ ಗೋಡೆಗೆ ಯಾವ ಬಣ್ಣವೆಂದು ಅವನು ಆಗಲೇ ಯೋಚಿಸುತ್ತಿದ್ದ.

ಡಾಕ್ಟರ್ ಬಿಂದುಶ್ರೀ ಮೈಕ್ ಹಿಡಿದು, ಒಂದು ಸಂಗತಿಯನ್ನು ಬೇಕೆಂದೇ ಕಲಾವಿದರಿಗೂ ಹೇಳಿರಲಿಲ್ಲ ಎಂದು ನಕ್ಕರು. ಯಶೋದಮ್ಮನವರನ್ನೂ, ಎದುರು ಗೋಡೆಯ ಒಂಬತ್ತನೆಯ ಚಿತ್ರದ ಮುಂದಿದ್ದ ಕೆಂಗೇರಿಯ ಗಿರಿಜಾದೇವಿಯವರನ್ನೂ ಕರೆದು ಪಕ್ಕಪಕ್ಕ ನಿಲ್ಲಿಸಿದರು. ಒಬ್ಬರು ಗುಂಡಗಿದ್ದರು, ಇನ್ನೊಬ್ಬರನ್ನು ಕಾಯಿಲೆ ಹಿಂಡಿಹಾಕಿತ್ತು. ಆದರೆ ಅದೇ ಮೂಗು, ಅದೇ ಗಲ್ಲ, ನಗುವಾಗ ಎಡಕ್ಕೆ ವಾಲುವ ಅದೇ ತುಟಿ. ಇಬ್ಬರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳು, ಒಬ್ಬರಿಗೆ ಬಂದ ಕಾಯಿಲೆ ಇನ್ನೊಬ್ಬರಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯಿಂದಲೇ ಈ ಅಧ್ಯಯನ ಶುರುವಾದದ್ದು, ಇಬ್ಬರ ಡಿಎನ್‌ಎ ಒಂದೇ ಆದ್ದರಿಂದ ಅವರ ಚಿತ್ರಗಳೂ ಒಂದೇ, ಎಂದು ಹೇಳುತ್ತಾ ಡಾಕ್ಟರ್ ಎರಡು ಗೋಡೆಗಳತ್ತ ಕೈ ಚಾಚಿದರು. ಒಂದು ಕಡೆ ನೇರಳೆ, ಇನ್ನೊಂದು ಕಡೆ ಕಿತ್ತಳೆ, ಒಂದು ಗೆರೆಯೂ ತಾಳೆಯಾಗುತ್ತಿರಲಿಲ್ಲ. ಚಾಚಿದ ಕೈ ನಿಧಾನವಾಗಿ ಕೆಳಗಿಳಿಯಿತು. ಸಭೆಯೆಲ್ಲ ಅತ್ತಿಂದಿತ್ತ ತಿರುಗಿ ನೋಡಿ, ಕೊನೆಗೆ ಬಸವಕಿರಣನ ಕಡೆ ತಿರುಗಿತು. ಯಶೋದಮ್ಮ ತಂಗಿಯ ಕೈ ಹಿಡಿದುಕೊಂಡೇ ಅವನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇದ್ರಲ್ಲಿ ನಮ್ದು ಯಾವ್ದಪ್ಪಾ?"