ಮೇಲಿನ ಚಿತ್ರದಲ್ಲಿ

ಸೇಫ್ಟಿ ವಾಲ್ವಿಗೆ ಯಾರೋ ತಂತಿ ಕಟ್ಟಿದ್ದರು.

ಸಬ್‌ಇನ್‌ಸ್ಪೆಕ್ಟರ್ ವಾಣಿಶ್ರೀ ಕತ್ತೆತ್ತಿ ಅದನ್ನೇ ನೋಡಿದಳು. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಂಡು ಹಬೆಯನ್ನು ಹೊರಗೆ ಬಿಡಬೇಕಾದ ವಾಲ್ವ್ ಅದು. ಕಬ್ಬಿಣದ ತಂತಿ ಬಿಗಿಯಾಗಿ ಸುತ್ತಿಕೊಂಡಿತ್ತು. ತೆರೆದುಕೊಳ್ಳಲು ದಾರಿಯೇ ಇರಲಿಲ್ಲ. ಹಾಗಾಗಿ ಹಬೆ ಪೈಪನ್ನು ಸೀಳಿಕೊಂಡು ಹೊರಬಂದಿತ್ತು.

ದೊಡ್ಡಬಳ್ಳಾಪುರದ ಎಳೆಹೊನ್ನು ಸಿಲ್ಕ್ಸ್. ಸೋಮವಾರ ಬೆಳಿಗ್ಗೆ. ಸೀರೆಯ ನೂಲಿಗೆ ಬಣ್ಣ ಹಾಕುವ ಘಟಕದ ಹಿಂದಿದ್ದ ಬಾಯ್ಲರ್ ಕೋಣೆಯ ನೆಲವೆಲ್ಲ ನೀರು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕೆಂಪರಾಜುವನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಎದೆ, ತೋಳು ಬೆಂದುಹೋಗಿದ್ದವು. ಬದುಕುತ್ತಾನೋ ಇಲ್ಲವೋ, ಡಾಕ್ಟರು ಹೇಳಿರಲಿಲ್ಲ.

"ಯಾರು ಕಟ್ಟಿದ್ದು ಇದನ್ನ?"

ಪ್ರೊಡಕ್ಷನ್ ಮ್ಯಾನೇಜರ್ ರವಿಚಂದ್ರ ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆಲ್ಲಗಿನ ಮಾತು.

"ಕೆಂಪರಾಜುನೇ ಇರ್ಬೇಕು ಮೇಡಂ. ಹೋದ ವಾರ ಪೂರ್ತಿ ರಜೆಯಲ್ಲಿದ್ದ. ಇವತ್ತು ಬಂದೋನು, ಕೆಲಸ ಬೇಗ ಮುಗೀಲಿ ಅಂತ ಕಟ್ಬಿಟ್ಟಿದ್ದಾನೆ."

"ಇವತ್ತೇ ಕಟ್ಟಿದ್ದು ಅಂತೀರಾ?"

"ಇನ್ಯಾವಾಗ ಮೇಡಂ? ಹೋದ ವಾರ ಎಲ್ಲಾ ಸರಿಯಾಗೇ ಇತ್ತಲ್ಲ."

ಹೊರಗೆ ಗೇಟಿನ ಬಳಿ ಕೆಂಪರಾಜುವಿನ ಹೆಂಡತಿ ರುಕ್ಮಿಣಮ್ಮ ನಿಂತಿದ್ದಳು. ಆ ಮಾತು ಆಗಲೇ ಅವಳ ಕಿವಿಗೂ ಬಿದ್ದಿತ್ತು.

"ಸಾಯ್ತಾ ಮಲಗಿರೋನ ಮೇಲೆ ಹೊರಿಸ್ತಾವ್ರಲ್ಲಮ್ಮ," ಎಂದಳು. ಅಳುತ್ತಿರಲಿಲ್ಲ. ಸಿಟ್ಟಿನಿಂದ ನಡುಗುತ್ತಿದ್ದಳು.

*

ಮಾಲೀಕ ಗೋವಿಂದರಾಜು ಮಗ್ಗದ ಮನೆಯಲ್ಲಿ ಬೆಳೆದವರು. ವಾಣಿಶ್ರೀ ಒಳಗೆ ಬಂದಾಗ ಕುರ್ಚಿಯಲ್ಲಿ ಕೂರಲಾಗದೆ ಅತ್ತಿಂದಿತ್ತ ಓಡಾಡುತ್ತಿದ್ದರು. ದಪ್ಪನೆಯ ಫೈಲೊಂದನ್ನು ಅವಳ ಮುಂದಿಟ್ಟರು.

"ಸೇಫ್ಟಿ ಆಫೀಸರ್ ಪವಿತ್ರ ಕೊಟ್ಟಿರೋ ವರದಿ. ಶುಕ್ರವಾರ ಬಂತು. ಎಲ್ಲಾ ಚೆನ್ನಾಗಿದೆ ಅಂತ ಇತ್ತು, ಸಹಿ ಹಾಕ್ದೆ."

ವಾಣಿಶ್ರೀ ಓದತೊಡಗಿದಳು. ಮೊದಲು ಕಂಪನಿಯ ಇತಿಹಾಸ. ಆಮೇಲೆ ನೇಯ್ಗೆಯ ಮಹತ್ವ, ಬಾಯ್ಲರ್‌ಗಳ ವಿಧಗಳು, ಕೋಷ್ಟಕಗಳು. "ಸದರಿ ಘಟಕದಲ್ಲಿ ಸುರಕ್ಷತೆಗೆ ಆದ್ಯತೆ ನೀಡಲಾಗಿರುತ್ತದೆ." ಅವಳಿಗೆ ಆಕಳಿಕೆ ಬಂತು. ಆದರೂ ಬಿಡದೆ ಓದಿದಳು. ಕೊನೆಯ ಪುಟಗಳಲ್ಲಿ, ಊಟದ ಕೋಣೆಯ ಫ್ಯಾನಿಗೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೂ ನಡುವೆ, ಒಂದು ಸಾಲು ಸಿಕ್ಕಿತು.

"ಮೇಲಿನ ಚಿತ್ರದಲ್ಲಿ ಕಾಣುವ ತಂತಿಯ ಕುರಿತು ಸಂಬಂಧಪಟ್ಟವರಿಂದ ಸೂಕ್ತ ಕ್ರಮವನ್ನು ಪರಿಗಣಿಸಬಹುದಾಗಿರುತ್ತದೆ."

ಆ ಸಾಲಿನ ಮೇಲೆ ಬೆರಳಿಟ್ಟಳು. ಹಿಂದಿನ ಪುಟ ತಿರುವಿದಳು, ಅದರ ಹಿಂದಿನದನ್ನೂ ತಿರುವಿದಳು.

"ಇದನ್ನ ಓದಿದ್ರಾ ಸಾರ್?"

ಗೋವಿಂದರಾಜು ಕನ್ನಡಕ ಹಾಕಿಕೊಂಡು ಓದಿದರು. ಮುಖ ಕಪ್ಪಿಟ್ಟಿತು.

"ಅಲ್ಲೀವರೆಗೂ ಹೋಗ್ಲಿಲ್ಲಮ್ಮ. ಯಾರು ತಾನೇ ಹೋಗ್ತಾರೆ?"

*

"ಇದು ನಾನು ಬರ್ದಿದ್ದಲ್ಲ ಮೇಡಂ," ಎಂದಳು ಪವಿತ್ರ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರದ ಹುಡುಗಿ. ಕಣ್ಣು ಕೆಂಪಾಗಿದ್ದವು.

"ಕೆಳಗೆ ನಿಮ್ಮ ಹೆಸರಿದೆ."

"ಹೆಸರು ನಂದೇ. ಆದ್ರೆ ನಾನು ಬರ್ದಿದ್ದು ಒಂದೇ ಹಾಳೆ. 'ಬಾಯ್ಲರ್ ಈಗಲೇ ನಿಲ್ಲಿಸಿ. ಸೇಫ್ಟಿ ವಾಲ್ವಿಗೆ ತಂತಿ ಕಟ್ಟಿದ್ದಾರೆ.' ಅದೇ ಮೊದಲ್ನೇ ಸಾಲು. ಕೆಳಗೆ ಫೋಟೋ. ಅದರ ಕೆಳಗೆ ಯಾರು ಏನು ಮಾಡ್ಬೇಕು ಅಂತ."

"ಯಾಕೆ ಅಷ್ಟು ಚಿಕ್ಕದು?"

"ಯಜಮಾನ್ರಿಗೆ ಪುರುಸೊತ್ತಿರಲ್ಲ. ಒಂದೇ ಸಾಲು ಓದಿ ಎದ್ದುಹೋದ್ರೂ ವಿಷಯ ಮುಟ್ಬೇಕು."

ಹಾಳೆಯನ್ನು ಅವಳು ಆಫೀಸಿನ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಪ್ರಿಂಟ್ ತೆಗೆದು ಮಾಲೀಕರಿಗೆ ಕೊಡುವುದು ಆಫೀಸಿನ ಜ್ಯೋತಿಲಕ್ಷ್ಮಿಯ ಕೆಲಸ. ಈಗ ಕಂಪ್ಯೂಟರಿನಲ್ಲಿ ಆ ಹಾಳೆ ಇರಲಿಲ್ಲ. ಕಂಪನಿಯ ಕ್ಯಾಮೆರಾದಲ್ಲಿ ಫೋಟೋವೂ ಇರಲಿಲ್ಲ.

"ಶುಕ್ರವಾರ ಯಜಮಾನ್ರನ್ನ ಕೇಳ್ದೆ ಮೇಡಂ. 'ನೋಡ್ದೆ, ಸಹಿ ಹಾಕ್ದೆ' ಅಂದ್ರು. ಬಾಯ್ಲರ್ ನಿಲ್ಲಿಸ್ತಾರೆ ಅಂದ್ಕೊಂಡು ಮನೆಗೆ ಹೋಗ್ಬಿಟ್ಟೆ."

*

ಹೆಡ್ ಕಾನ್‌ಸ್ಟೇಬಲ್ ನವೀನ್‌ಕುಮಾರ್ ಹುರುಪಿನಿಂದ ಓಡಿಬಂದ.

"ಮೇಡಂ, ಕೆಂಪರಾಜು ರಜೆಯಲ್ಲಿದ್ದಾಗ ಬಾಯ್ಲರ್ ನೋಡ್ಕೊಂಡಿದ್ದು ಮುರಳಿ ಅಂತ. ಕೆಂಪರಾಜುನ ಆಸ್ಪತ್ರೆಗೆ ಸಾಗಿಸಿದ ಮೇಲೆ ನಾಪತ್ತೆ! ಅವನೇ ಕಣ್ರೀ ಮೇಡಂ, ಅನುಮಾನಾನೇ ಬೇಡ."

ಮಧ್ಯಾಹ್ನದ ಹೊತ್ತಿಗೆ ಮುರಳಿ ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣದ ಅಕ್ಕನ ಮನೆಯಲ್ಲಿ ಸಿಕ್ಕಿದ. ಜೀಪು ಹತ್ತುವಾಗಲೂ ಒಂದೇ ಮಾತು: "ನನ್ನ ಕೆಲಸ ಹೋಗುತ್ತೆ ಮೇಡಂ."

"ಕೆಲಸ ಹೋಗುತ್ತೆ ಅಂತಾನೆ. ಜೈಲಿಗೆ ಹೋಗ್ತೀನಿ ಅಂತಿಲ್ಲ, ಗಮನಿಸಿದ್ರಾ?" ಎಂದಳು ವಾಣಿಶ್ರೀ. "ಇವನು ಹೆದರ್ತಿರೋದು ಪೊಲೀಸರಿಗಲ್ಲ. ಇನ್ನೊಂದು ವಿಷಯ ನವೀನ್. ಇವನು ಆಫೀಸ್ ಕಂಪ್ಯೂಟರ್ ಮುಟ್ಟೋನಲ್ಲ. ವರದಿ ಬದಲಾಯಿಸಿದೋರು ಬೇರೆ ಇದ್ದಾರೆ."

*

ಸಂಜೆ ಗೋವಿಂದರಾಜು ಅವರ ಕೋಣೆಯಲ್ಲಿ ಎಲ್ಲರೂ ಸೇರಿದರು. ವಾಣಿಶ್ರೀ ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟಳು.

"ಇವತ್ತು ಬೆಳಿಗ್ಗೆ ಏನಾಯ್ತು, ಬರ್ಕೊಡಿ."

ಜ್ಯೋತಿಲಕ್ಷ್ಮಿ ಬೇಗ ಮುಗಿಸಿದಳು. "ಢಂ ಅಂತ ಸದ್ದಾಯಿತು. ನಾನು ಚೀರಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ." ಗೋವಿಂದರಾಜು ಸೊಟ್ಟ ಅಕ್ಷರಗಳಲ್ಲಿ ಬರೆದರು: "ನಾನೂ ಮುರಳಿಯೂ ಕೆಂಪರಾಜುವನ್ನು ಎತ್ತಿದೆವು." ರವಿಚಂದ್ರ ಇನ್ನೆರಡು ಹಾಳೆ ಕೇಳಿ ಪಡೆದ.

ವಾಣಿಶ್ರೀ ಅವನದನ್ನು ಗಟ್ಟಿಯಾಗಿ ಓದಿದಳು. "ಸದರಿ ಸಮಯದಲ್ಲಿ ಶಬ್ದ ಕೇಳಿಬಂದಿರುತ್ತದೆ. ಸಂಬಂಧಪಟ್ಟವರಿಗೆ ತಿಳಿಸಲಾಗಿರುತ್ತದೆ. ಸೂಕ್ತ ಕ್ರಮವನ್ನು ಪರಿಗಣಿಸಲಾಗಿರುತ್ತದೆ."

ಹಾಳೆ ಕೆಳಗಿಟ್ಟಳು. "ಇದನ್ನ ಓದಿದ್ರೆ ಫ್ಯಾಕ್ಟರಿಯಲ್ಲಿ ಇವತ್ತು ಒಬ್ಬ ಮನುಷ್ಯನೂ ಇರ್ಲಿಲ್ಲ ಅನ್ಸುತ್ತೆ. ಯಾರು ಏನು ಮಾಡಿದ್ರು ಅನ್ನೋದೇ ಇಲ್ಲ. ಶುಕ್ರವಾರದ ಆ ದಪ್ಪ ವರದಿಯಲ್ಲೂ ಹೀಗೇ."

ರವಿಚಂದ್ರ ನಕ್ಕ. "ಆಫೀಸುಗಳಲ್ಲಿ ಎಲ್ರೂ ಹೀಗೇ ಬರೆಯೋದು ಮೇಡಂ. ಅದಕ್ಕೆಲ್ಲ ಕೇಸ್ ಹಾಕ್ತೀರಾ?"

"ಇಲ್ಲ. ಅದು ದಾರಿ ತೋರಿಸ್ತು ಅಷ್ಟೆ." ಅವಳು ಫೈಲು ತೆರೆದಳು. "ತಂತಿ ಕಟ್ಟಿದ್ದು ಯಾವಾಗ ಅಂದ್ರಿ?"

"ಇವತ್ತು. ಕೆಂಪರಾಜು."

"'ಮೇಲಿನ ಚಿತ್ರದಲ್ಲಿ ಕಾಣುವ ತಂತಿ' ಅಂತ ಇಲ್ಲಿದೆ. ಮೇಲೆ ಚಿತ್ರ ಎಲ್ಲೂ ಇಲ್ಲ. ಯಾಕಂದ್ರೆ ಪವಿತ್ರ ಹಾಕಿದ್ದ ಚಿತ್ರ ಕಿತ್ತುಹಾಕಿದ್ದೀರಿ, ಅವಳ ಸಾಲಿನ ಮೊದಲರ್ಧ ಹಾಗೇ ಉಳಿದುಬಿಟ್ಟಿದೆ. ಪವಿತ್ರ, ನಿಮ್ಮ ಸಾಲು ಏನಿತ್ತು?"

"'ಮೇಲಿನ ಚಿತ್ರದಲ್ಲಿ ಕಾಣುವ ತಂತಿಯನ್ನು ರವಿಚಂದ್ರ ಅವರು ಇಂದೇ ತೆಗೆಸಬೇಕು,'" ಎಂದಳು ಪವಿತ್ರ.

"ಶುಕ್ರವಾರದ ವರದಿಯಲ್ಲೇ ತಂತಿ ಇದೆ. ಶುಕ್ರವಾರ ಕೆಂಪರಾಜು ರಜೆಯಲ್ಲಿದ್ದ ಅಂತ ನೀವೇ ಹೇಳಿದ್ದು. ಅಲ್ಲಿಗೆ ಅವನಲ್ಲ."

ಜ್ಯೋತಿಲಕ್ಷ್ಮಿ ತಡವರಿಸುತ್ತ ಬಾಯಿ ತೆರೆದಳು. "ಶುಕ್ರವಾರ ನಾನು ಪ್ರಿಂಟ್ ತೆಗೀಲೇ ಇಲ್ಲ ಮೇಡಂ. ರವಿಚಂದ್ರ ಸಾರೇ ಫೈಲ್ ತಂದು, ಯಜಮಾನ್ರ ಟೇಬಲ್ ಮೇಲಿಡು ಅಂದ್ರು."

ಅಷ್ಟೇ ಸಾಕಾಯಿತು. ಬಾಗಿಲ ಬಳಿ ನಿಂತಿದ್ದ ಮುರಳಿ ತಡೆಯಲಾರದೆ ಬಾಯಿಬಿಟ್ಟ.

"ಇವ್ರೇ ಕಟ್ಸಿದ್ದು ಮೇಡಂ! ವಾಲ್ವ್ ಪದೇ ಪದೇ ಹಬೆ ಬಿಡ್ತಿತ್ತು. ರಿಪೇರಿಗೆ ನಿಲ್ಲಿಸಿದ್ರೆ ಮದುವೆ ಸೀಸನ್ನಿನ ಆರ್ಡರ್ ತಪ್ಪುತ್ತೆ, ಕಟ್ಟು, ಇಲ್ಲಾಂದ್ರೆ ಮನೆಗೆ ಹೋಗು ಅಂದ್ರು. ನಾನು ಕಟ್ಬಾರ್ದಿತ್ತು."

ರವಿಚಂದ್ರನ ಮುಖದಲ್ಲಿ ಬೆವರೊಡೆದಿತ್ತು. "ನಾನೇನು ವಿಷಯ ಮುಚ್ಚಿಡ್ಲಿಲ್ಲ. ವರದಿಯಲ್ಲಿ ಇದೆಯಲ್ಲ!"

"ಆಮೇಲೆ ಹೀಗೆ ಹೇಳೋಕೆ ಇರ್ಲಿ ಅಂತಾನೇ ಇಟ್ರಿ," ಎಂದಳು ವಾಣಿಶ್ರೀ. "ವರದೀನೇ ಮಾಯ ಮಾಡಿದ್ರೆ ಪವಿತ್ರ ಕೇಳ್ತಿದ್ಲು. ದಪ್ಪ ಮಾಡಿ ಕೊಟ್ರೆ ಯಜಮಾನ್ರು ಸಹಿ ಹಾಕ್ತಾರೆ, ಪವಿತ್ರ ಸುಮ್ಮನಾಗ್ತಾಳೆ. ಆರ್ಡರ್ ಮುಗಿದ ಮೇಲೆ ತಂತಿ ಬಿಚ್ಚಿಸೋಣ ಅಂತ ಲೆಕ್ಕ. ಅಷ್ಟರಲ್ಲಿ ಪೈಪು ಸೀಳ್ತು. ಮಾತಾಡೋಕಾಗದೆ ಮಲಗಿರೋನ ಮೇಲೆ ಹೊರಿಸಿದ್ರಿ."

ನವೀನ್‌ಕುಮಾರ್ ರವಿಚಂದ್ರನ ತೋಳು ಹಿಡಿದ. ಮುರಳಿಯೂ ಠಾಣೆಗೆ ಬಂದು ಹೇಳಿಕೆ ಕೊಡಬೇಕಾಯಿತು. ಅವನು ತಾನಾಗಿ ಮುಂದೆ ನಡೆದ.

*

ಕೆಂಪರಾಜು ಬದುಕಿದ. ಚರ್ಮದ ಕಸಿ ಆಯಿತು, ತೋಳು ಮತ್ತೆ ಮಡಚಲು ಬಂತು. ಆಸ್ಪತ್ರೆಯ ಖರ್ಚನ್ನೆಲ್ಲ ಗೋವಿಂದರಾಜು ಹೊತ್ತರು. ರುಕ್ಮಿಣಮ್ಮನ ಎದುರು ನಿಂತು, "ಓದದೆ ಸಹಿ ಹಾಕಿದ್ದು ನನ್ನ ತಪ್ಪು ತಾಯಿ," ಎಂದರು. ಅವಳು ಆ ದಿನ ಮುಖ ತಿರುಗಿಸಿಕೊಂಡು ಗಂಡನ ಬಳಿ ಹೋದಳು. ಮುಂದಿನ ವಾರ ಅವರು ಬಂದಾಗ ಕಾಫಿ ತಂದುಕೊಟ್ಟಳು.

ದೀಪಾವಳಿಗೆ ಮುಂಚೆ ವಾಣಿಶ್ರೀ ಇನ್ನೊಂದು ಹೇಳಿಕೆ ಪಡೆಯಲು ಎಳೆಹೊನ್ನಿಗೆ ಹೋಗಿದ್ದಳು. ಗೋವಿಂದರಾಜು ಮಾತಾಡುತ್ತಿದ್ದಂತೆ ಪವಿತ್ರ ಒಳಬಂದು ಒಂದು ಹಾಳೆ ಕೊಟ್ಟಳು. ಅವರು ನಿಂತಲ್ಲೇ ಮೊದಲ ಸಾಲು ಓದಿದರು: "ನೂಲು ಹಿಂಡುವ ಯಂತ್ರದ ಬೆಲ್ಟಿಗೆ ಮುಚ್ಚಳವಿಲ್ಲ, ಸೀರೆಯ ಸೆರಗು ಸಿಕ್ಕಿಕೊಳ್ಳುತ್ತದೆ, ನಿಲ್ಲಿಸಿ."

"ಒಂದ್ನಿಮಿಷ ಮೇಡಂ," ಎಂದು ಗೋವಿಂದರಾಜು ಹೊರಟೇಬಿಟ್ಟರು. ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ.

ಕಿಟಕಿಯಿಂದ ವಾಣಿಶ್ರೀ ನೋಡಿದಳು. ಅವರೇ ಹೋಗಿ ಸ್ವಿಚ್ಚು ಆರಿಸಿದರು. ಯಂತ್ರ ಗೊರಗುಟ್ಟಿ ನಿಂತಿತು. ಕೆಲಸದ ಹೆಂಗಸರು ಕೈಗೆ ಹತ್ತಿದ ಬಣ್ಣ ಒರೆಸಿಕೊಳ್ಳುತ್ತ ಅಂಗಳದ ಬಿಸಿಲಿಗೆ ಬಂದರು. ಯಜಮಾನರ ಬರಿಗಾಲು ನೋಡಿ ಒಬ್ಬಳು ನಕ್ಕಳು, ಉಳಿದವರೂ ನಕ್ಕರು.